ಮೆಟ್ಟಿಲಿಲ್ಲದ ವಾದ್ಯದ ಮೊದಲ ಪಾಠ

ಪಿಟೀಲು ಕಲಿಯಬೇಕೆನ್ನುವವರಿಗೆ ಇಂದು ದಾರಿಗಳ ಬರವಿಲ್ಲ. ಬಡಾವಣೆಯ ಸಂಗೀತ ಶಾಲೆ, ಹತ್ತಾರು ಮಂದಿ ಒಟ್ಟಿಗೆ ಕೂರುವ ವಾರಾಂತ್ಯದ ತರಗತಿ, ಮೊಬೈಲಿನಲ್ಲಿ ಸಿಗುವ ವಿಡಿಯೊ ಪಾಠ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುವ ಮನೆಪಾಠ ಇವೆಲ್ಲ ಒಂದೇ ವಿದ್ಯೆಯನ್ನು ಕೊಡುತ್ತವೆ, ಇವುಗಳ ನಡುವಿನ ಅಂತರ ಶುಲ್ಕಕ್ಕೂ ಅನುಕೂಲಕ್ಕೂ ಸಂಬಂಧಿಸಿದ್ದು ಮಾತ್ರ ಎಂಬ ಎಣಿಕೆ ಸಾಮಾನ್ಯವಾಗಿದೆ. ಇದಕ್ಕೆ ಜೋಡಿಯಾಗಿ, ಐದಾರು ವರ್ಷಕ್ಕೆ ಕಮಾನು ಹಿಡಿಯದವರಿಗೆ ಈ ವಾದ್ಯ ಒಲಿಯದು ಎಂಬ ಇನ್ನೊಂದು ನಂಬಿಕೆಯೂ ಬೇರೂರಿದೆ. ವಾದ್ಯದ ಸ್ವಭಾವವನ್ನು ಹತ್ತಿರದಿಂದ ಪರಿಶೀಲಿಸಿದರೆ ಈ ಎರಡು ಎಣಿಕೆಗಳೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಆರಂಭದ ಹಂತದಲ್ಲಿ ಪಿಟೀಲಿನ ಪಾಠವೆಂದರೆ, ವಿದ್ಯಾರ್ಥಿಯ ಕಿವಿ ಪಳಗುವವರೆಗೆ ಶಿಕ್ಷಕ ತನ್ನ ಕಿವಿಯನ್ನು ಅವನಿಗೆ ಎರವಲಾಗಿ ಕೊಡುವ ಏರ್ಪಾಡು. ಆ ಎರವಲು ಒಬ್ಬರಿಂದ ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದು, ಅದನ್ನು ಪಡೆಯುವ ಅರ್ಹತೆಗೂ ವಯಸ್ಸಿಗೂ ಜನ ಭಾವಿಸಿರುವಷ್ಟು ಬಿಗಿಯಾದ ನಂಟಿಲ್ಲ ಎಂಬುದು ಇಲ್ಲಿ ಮಂಡಿಸುತ್ತಿರುವ ವಾದ.

ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿವೆ. ಮೇಣದಲ್ಲಿ ಕೂರಿಸಿದ ಈ ಲೋಹದ ಪಟ್ಟಿಗಳು ಸ್ವರಸ್ಥಾನಗಳನ್ನು ಮೊದಲೇ ಗೊತ್ತುಮಾಡಿರುವುದರಿಂದ, ಕಲಿಯುವವನ ಬೆರಳು ಎರಡು ಮೆಟ್ಟಿಲುಗಳ ನಡುವೆ ತುಸು ಅತ್ತಿತ್ತ ಬಿದ್ದರೂ ಸ್ವರ ತನ್ನ ಜಾಗ ಬಿಡುವುದಿಲ್ಲ. ಹಾರ್ಮೋನಿಯಮ್ಮಿನಲ್ಲಿ ಆ ಕೆಲಸವನ್ನು ಮನೆಗಳು ಮಾಡುತ್ತವೆ. ಪಿಟೀಲಿನ ಬೆರಳುಹಲಗೆಯಾದರೋ ನುಣ್ಣಗಿನ ಕರಿಮರದ ಪಟ್ಟಿ. ಅದರ ಮೇಲೆ ಗೆರೆಯಿಲ್ಲ, ಗುರುತಿಲ್ಲ. ದೊಡ್ಡವರ ಪಿಟೀಲಿನಲ್ಲಿ ತಂತಿಯ ಮಿಡಿಯುವ ಭಾಗ, ಅಂದರೆ ಬಿರಡೆಗಳ ಬಳಿಯ ಮೇರುವಿನಿಂದ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯವರೆಗಿನ ಉದ್ದ, ಸುಮಾರು 32.5 ಸೆಂಟಿಮೀಟರ್. ಷಡ್ಜದ ತಂತಿಯಲ್ಲಿ ಶುದ್ಧ ರಿಷಭ ಮೇರುವಿನಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿಯೂ, ಅಂತರ ಗಾಂಧಾರ ಸುಮಾರು 6.5 ಸೆಂಟಿಮೀಟರ್ ದೂರದಲ್ಲಿಯೂ, ಶುದ್ಧ ಮಧ್ಯಮ 8 ಸೆಂಟಿಮೀಟರಿಗೆ ತುಸು ಆಚೆಯೂ ಸಿಗುತ್ತವೆ. ರಿಷಭದ ಬೆರಳು 3 ಮಿಲಿಮೀಟರ್ ಜರುಗಿದರೆ, ಅಂದರೆ ಬೆರಳ ತುದಿಯ ಅಗಲದ ಒಂದು ಸಣ್ಣ ಪಾಲಿನಷ್ಟು ಸರಿದರೆ, ಸ್ವರ ಅರ್ಧಸ್ವರದ ಆರನೆಯ ಒಂದು ಭಾಗದಷ್ಟು ಅಪಸ್ವರವಾಗುತ್ತದೆ. ಶ್ರುತಿಜ್ಞಾನವುಳ್ಳವರ ಕಿವಿಗೆ ಅದು ಕೂಡಲೇ ಚುಚ್ಚುತ್ತದೆ. ಒಂದು ಸ್ಥಾಯಿ ಮೇಲೇರಿದರೆ ಇದೇ ಅಂತರಗಳೆಲ್ಲ ಅರ್ಧಕ್ಕಿಳಿಯುತ್ತವೆಯಾದ್ದರಿಂದ, ಕೆಳಗೆ ರೂಢಿಯಾದ ಅಳತೆಯನ್ನು ಬೆರಳು ಮೇಲೆ ಹಾಗೆಯೇ ಬಳಸುವಂತಿಲ್ಲ.

ಬಲಗೈಯ ಕಷ್ಟ ಬೇರೆ ಬಗೆಯದು. ಕಮಾನಿಗೆ ಕಟ್ಟಿದ ಕುದುರೆ ಬಾಲದ ಕೂದಲಿಗೆ ರೋಸಿನ್ ಎಂಬ ರಾಳವನ್ನು ಉಜ್ಜಿದಾಗ ಕೂದಲು ತಂತಿಯನ್ನು ಕ್ಷಣಕಾಲ ಹಿಡಿದು ಎಳೆಯುತ್ತದೆ, ಬಿಗಿ ಹೆಚ್ಚಿದಾಗ ತಂತಿ ಜಾರಿ ಹಿಂದಿರುಗುತ್ತದೆ, ಮತ್ತೆ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿತ ಮತ್ತು ಜಾರುವಿಕೆಯೇ ನಾದವಾಗುತ್ತದೆಂಬುದನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ವಿವರಿಸಿದ. ಕಮಾನಿನ ಒತ್ತಡ, ವೇಗ ಮತ್ತು ಅದು ಕುದುರೆಯಿಂದ ಎಷ್ಟು ದೂರದಲ್ಲಿ ತಂತಿಯನ್ನು ಮುಟ್ಟುತ್ತದೆ ಎಂಬ ಮೂರೂ ಹೊಂದಿಕೊಂಡಾಗ ಮಾತ್ರ ಈ ಕ್ರಿಯೆ ನಿಯತವಾಗಿ ನಡೆಯುತ್ತದೆ. ಒತ್ತಡ ಹೆಚ್ಚಾದರೆ ಕರಕರ ಸದ್ದು, ಕಡಿಮೆಯಾದರೆ ಶಿಳ್ಳೆಯಂಥ ತೆಳುದನಿ. ಆರಂಭಿಕನಿಗೆ ಸದ್ದು ಕೆಟ್ಟಿದೆ ಎಂಬುದಷ್ಟೇ ತಿಳಿಯುತ್ತದೆ. ಮೂರರಲ್ಲಿ ಯಾವುದು ತಪ್ಪಿದ್ದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ಮೊಣಕೈ ಮೇಲೆದ್ದಿದೆಯೆ, ಹೆಬ್ಬೆರಳು ಸೆಟೆದಿದೆಯೆ, ಮಣಿಕಟ್ಟು ಬಿಗಿದಿದೆಯೆ ಎಂದು ಪಕ್ಕದಲ್ಲಿ ಕುಳಿತವರು ನೋಡಿ ಹೇಳಬೇಕು, ಒಮ್ಮೊಮ್ಮೆ ಕೈಯನ್ನು ಹಿಡಿದೇ ತೋರಿಸಬೇಕು.

ಸ್ವರಸ್ಥಾನವನ್ನು ತೋರಿಸಿಕೊಡುವ ಒಂದು ಉಪಾಯ ಪಿಟೀಲಿನೊಳಗೇ ಇದೆ. ಕರ್ನಾಟಕ ಸಂಗೀತದಲ್ಲಿ ನಾಲ್ಕು ತಂತಿಗಳನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಕೂಡಿಸುತ್ತಾರೆ. ಮಧ್ಯ ಷಡ್ಜದ ಖಾಲಿ ತಂತಿಯ ಮೇಲೆ, ಅಂದರೆ ಬೆರಳು ಒತ್ತದ ತಂತಿಯ ಮೇಲೆ, ಕಾಗದದ ಸಣ್ಣ ಚೂರೊಂದನ್ನು ಮಡಿಸಿ ಕೂರಿಸಿ, ಪಕ್ಕದ ಮಂದ್ರ ಪಂಚಮದ ತಂತಿಯಲ್ಲಿ ಬೆರಳಿಟ್ಟು ಅದೇ ಷಡ್ಜವನ್ನು ನುಡಿಸಿದರೆ, ಸ್ವರ ಸರಿಯಾಗಿ ಕೂಡಿದ ಗಳಿಗೆಯಲ್ಲಿ ಯಾರೂ ಮುಟ್ಟದ ತಂತಿ ತಾನಾಗಿ ಮಿಡಿದು ಕಾಗದ ಕುಣಿಯುತ್ತದೆ. ಬೆರಳು ಕೊಂಚ ಸರಿದರೆ ಅದು ಸುಮ್ಮನಾಗುತ್ತದೆ. ಒಂದೇ ಕಂಪನಸಂಖ್ಯೆಯ ಎರಡು ತಂತಿಗಳು ಪರಸ್ಪರ ಓಗೊಡುವ ಈ ಗುಣಕ್ಕೆ ಅನುರಣನವೆಂದು ಹೆಸರು. ಎಂಟು ವರ್ಷದ ಮಗುವೂ ಅರವತ್ತರ ನಿವೃತ್ತರೂ ಶ್ರುತಿ ಸೇರುವುದೆಂದರೇನು ಎಂಬುದನ್ನು ಇದರಿಂದ ಕಣ್ಣಾರೆ ಕಾಣಬಹುದು. ಆದರೆ ಈ ಸಹಾಯ ಷಡ್ಜ ಪಂಚಮಗಳಿಗೆ ಮಾತ್ರ ಸ್ಪಷ್ಟವಾಗಿ ಒದಗುತ್ತದೆ. ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ ಓಗೊಡುವ ಖಾಲಿ ತಂತಿ ವಾದ್ಯದಲ್ಲಿಲ್ಲ. ಅವುಗಳನ್ನು ತೂಗಿನೋಡುವ ತಕ್ಕಡಿ ಕಿವಿಯೊಂದೇ, ಆರಂಭಿಕನಲ್ಲಿ ಇನ್ನೂ ಸಿದ್ಧವಾಗಿರದ್ದೂ ಅದೇ. ಬೆರಳುಹಲಗೆಯ ಮೇಲೆ ಬಣ್ಣದ ಟೇಪು ಅಂಟಿಸಿ ಈ ಕೊರತೆಯನ್ನು ತುಂಬುವ ರೂಢಿಯುಂಟು. ಮೊದಲ ಕೆಲವು ವಾರ ಅದರಿಂದ ಉಪಯೋಗವಾದರೂ, ಕಣ್ಣಿನಿಂದ ಸ್ವರ ಹುಡುಕುವ ಚಾಳಿ ನೆಲೆಯೂರಿದರೆ ಕಿವಿಯ ಶಿಕ್ಷಣ ಅಷ್ಟರಮಟ್ಟಿಗೆ ತಡವಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದೆಯೇ ಪಿಟೀಲು ಸೇರಿದಂತೆ ಹಲವು ವಾದ್ಯಗಳಲ್ಲಿ ಪಳಗಿದ್ದರು ಎಂಬುದು ಈ ವಿದ್ಯೆ ಯಾವ ಇಂದ್ರಿಯವನ್ನು ಆಶ್ರಯಿಸಿದೆ ಎಂಬುದಕ್ಕೆ ಸಾಕಷ್ಟು ಸಾಕ್ಷಿ.

ಸಾಮೂಹಿಕ ತರಗತಿಯ ಮಿತಿ ಕಾಣಿಸಿಕೊಳ್ಳುವುದು ಇಲ್ಲಿಯೇ. ಹತ್ತು ಪಿಟೀಲುಗಳು ಒಂದೇ ಸ್ವರವನ್ನು ಒಟ್ಟಿಗೆ ನುಡಿಸಿದಾಗ, ಒಂದೊಂದೂ ತುಸು ಮೇಲೆ ಕೆಳಗೆ ಇದ್ದರೂ, ಕೇಳುವವರಿಗೆ ಅದು ದಪ್ಪನೆಯ ಒಂದೇ ಸ್ವರವಾಗಿ ಕೇಳಿಸುತ್ತದೆ. ವಾದ್ಯವೃಂದಗಳಿಗೆ ಅಂದ ಕೊಡುವ ಈ ಗುಣವೇ ಆರಂಭಿಕನಿಗೆ ತೊಡಕಾಗುತ್ತದೆ: ತನ್ನ ಬೆರಳಿನಿಂದ ಹೊರಟ ಸ್ವರ ಯಾವುದೆಂದು ಅವನಿಗೇ ಕೇಳುವುದಿಲ್ಲ, ಯಾರ ಗಾಂಧಾರ ಇಳಿದಿದೆಯೆಂದು ಶಿಕ್ಷಕನಿಗೂ ಖಚಿತವಾಗಿ ತಿಳಿಯುವುದಿಲ್ಲ. ಹೀಗೆ ತಿದ್ದದೆ ಉಳಿದ ತಪ್ಪು ಮುಂದಿನ ಆರು ದಿನಗಳ ಅಭ್ಯಾಸದಲ್ಲಿ ನೂರಾರು ಸಲ ಮರುಕಳಿಸಿ ಕೈಗೆ ಅಂಟಿಕೊಳ್ಳುತ್ತದೆ. ಹೊಸದನ್ನು ಕಲಿಸುವುದಕ್ಕಿಂತ ಅಂಟಿದ್ದನ್ನು ಬಿಡಿಸುವುದು ಹೆಚ್ಚು ಪ್ರಯಾಸದ ಕೆಲಸವೆಂಬುದು ಎಲ್ಲ ಸಂಗೀತ ಶಿಕ್ಷಕರ ಅನುಭವ. ಹತ್ತು ಮಂದಿಯ ಒಂದು ಗಂಟೆಗಿಂತ ಒಬ್ಬನ ಇಪ್ಪತ್ತು ನಿಮಿಷ ಆರಂಭದಲ್ಲಿ ಹೆಚ್ಚು ಫಲ ಕೊಡುವುದು ಈ ಕಾರಣದಿಂದ.

ಇದಕ್ಕೆ ಎದುರಾಗಿ ಎರಡು ಆಕ್ಷೇಪಗಳನ್ನು ಎತ್ತಬಹುದು. ಜಪಾನಿನ ಶಿನಿಚಿ ಸುಜುಕಿ (1898–1998) ರೂಪಿಸಿದ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ನುಡಿಸುವ ದೃಶ್ಯ ಜಗತ್ತಿಗೆಲ್ಲ ಪರಿಚಿತ; ಹಾಗಿದ್ದಮೇಲೆ ಸಾಮೂಹಿಕ ಶಿಕ್ಷಣವನ್ನು ಅಲ್ಲಗಳೆಯುವುದು ಹೇಗೆ ಎಂಬುದು ಮೊದಲನೆಯದು. ಆದರೆ ಆ ಪದ್ಧತಿಯಲ್ಲಿ ಪ್ರತಿ ಮಗುವಿಗೂ ವಾರವಾರ ಪ್ರತ್ಯೇಕ ಪಾಠವುಂಟು, ತಂದೆಯೋ ತಾಯಿಯೋ ಆ ಪಾಠದಲ್ಲಿ ಕುಳಿತು ತಾವೂ ಆರಂಭದ ಪಟ್ಟುಗಳನ್ನು ಕಲಿಯಬೇಕು, ಕಲಿಯಬೇಕಾದ ರಚನೆಯ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ದಿನವೂ ಕೇಳಿಸಬೇಕು. ಸಾಮೂಹಿಕ ವಾದನ ಇವೆಲ್ಲದರ ಜೊತೆಗೆ ಬರುವಂಥದು. ಎರಡನೆಯ ಆಕ್ಷೇಪ ನಮ್ಮದೇ ಗುರುಕುಲ ಪದ್ಧತಿಯದು: ಅಲ್ಲಿ ಶಿಷ್ಯರು ಗುಂಪಾಗಿಯೇ ಇರುತ್ತಿದ್ದರಲ್ಲವೆ? ಇರುತ್ತಿದ್ದರು ನಿಜ, ಆದರೆ ಒಬ್ಬನಿಗೆ ಪಾಠ ನಡೆಯುವಾಗ ಉಳಿದವರು ಕೇಳುತ್ತಿದ್ದರು, ಹಾಗೆ ಕೇಳುವುದೂ ಶಿಕ್ಷಣದ ಭಾಗವಾಗಿತ್ತು. ಲಯದ ಹಿಡಿತ, ಸಭಾಧೈರ್ಯ, ಜೊತೆಗಾರರ ಹುರುಪು ಇವನ್ನು ಗುಂಪು ಕೊಡುವಷ್ಟು ಚೆನ್ನಾಗಿ ಪ್ರತ್ಯೇಕ ಪಾಠ ಕೊಡಲಾರದೆಂಬುದನ್ನು ಒಪ್ಪಲೇಬೇಕು. ಸ್ವರಸ್ಥಾನ ಒಂದು ಹದಕ್ಕೆ ಬಂದಮೇಲೆ ಗುಂಪಿನ ಅಭ್ಯಾಸ ಸೇರಿದರೆ ಎರಡರ ಲಾಭವೂ ದೊರೆಯುತ್ತದೆ.

ಕಿವಿಯನ್ನು ಪಳಗಿಸುವ ಮಾರ್ಗ ಯಾವುದೆಂಬ ಪ್ರಶ್ನೆಗೆ ದಕ್ಷಿಣ ಭಾರತದ ಪರಂಪರೆ ಕೊಡುವ ಉತ್ತರ ಕಂಠ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದ್ಯವಾಗಿದ್ದ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದ ಕಾಲದಿಂದಲೂ, ಈ ವಾದ್ಯ ಕಚೇರಿಯಲ್ಲಿ ಸ್ಥಾನ ಪಡೆದದ್ದು ಹಾಡುಗಾರಿಕೆಯನ್ನು ನೆರಳಿನಂತೆ ಹಿಂಬಾಲಿಸಬಲ್ಲ ಅದರ ಶಕ್ತಿಯಿಂದ. ಐರೋಪ್ಯ ವಾದಕರು ಗಲ್ಲ ಮತ್ತು ಭುಜದ ನಡುವೆ ಇರಿಸಿಕೊಳ್ಳುವ ವಾದ್ಯವನ್ನು ಇಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬುಡವನ್ನು ಎದೆಗೂ ಭುಜಕ್ಕೂ ಆನಿಸಿ, ಸುರುಳಿಯಾಕಾರದ ತುದಿಯನ್ನು ಬಲಗಾಲಿನ ಹರಡಿನ ಮೇಲೆ ನಿಲ್ಲಿಸುವ ಏರ್ಪಾಡಾದದ್ದೂ ಎಡಗೈ ವಾದ್ಯವನ್ನು ಹೊರುವ ಕೆಲಸದಿಂದ ಬಿಡುಗಡೆ ಹೊಂದಿ, ಕಂಠದ ಗಮಕಗಳನ್ನು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ, ನಡುಗಿಸುವ ಚಲನೆಗಳನ್ನು, ತಂತಿಯ ಮೇಲೆ ತರಲು ಅನುಕೂಲವಾಗಲೆಂದೇ. ಏಳು ತಂತಿಯ ಪಿಟೀಲಿಗೆ ಹೆಸರಾದ ಮೈಸೂರಿನ ಟಿ. ಚೌಡಯ್ಯನವರು ದೀರ್ಘಕಾಲ ಶಿಷ್ಯವೃತ್ತಿ ನಡೆಸಿದ್ದು ಗಾಯಕರಾದ ಬಿಡಾರಂ ಕೃಷ್ಣಪ್ಪನವರಲ್ಲಿ. ಹಿಂದುಸ್ತಾನಿ ಪದ್ಧತಿಯಲ್ಲಿ ಗಾಯನದ ಅಂಗವನ್ನೇ ಪಿಟೀಲಿಗೆ ತಂದ ಎನ್. ರಾಜಮ್ ಅವರಿಗೆ ಮಾರ್ಗದರ್ಶಕರಾದವರು ಗಾಯಕ ಓಂಕಾರನಾಥ ಠಾಕೂರರು. ಗುರು ಅದೇ ವಾದ್ಯ ನುಡಿಸದಿದ್ದರೂ ಶಿಷ್ಯ ಉನ್ನತ ಮಟ್ಟದ ವಾದಕನಾಗಬಲ್ಲನೆಂದರೆ, ಗುರುವಿನಿಂದ ಶಿಷ್ಯನಿಗೆ ಸಂದದ್ದು ಬೆರಳಿನ ವಿದ್ಯೆಗಿಂತ ಕೇಳುವ ವಿದ್ಯೆ ಎಂದೇ ತಿಳಿಯಬೇಕು. ಮೊದಲ ದಿನದಿಂದಲೇ ಸ್ವರವನ್ನು ಬಾಯಲ್ಲಿ ಹಾಡಿಸಿ ಆಮೇಲೆ ತಂತಿಯಲ್ಲಿ ಹುಡುಕಿಸುವ ಶಿಕ್ಷಕರು ಈ ಪರಂಪರೆಯ ತಿರುಳನ್ನು ಹಿಡಿದವರು.

ಪಾಠಕ್ರಮದಲ್ಲಿಯೂ ಇದೇ ವಿವೇಕವಿದೆ. ಆರಂಭಿಕರ ಅಭ್ಯಾಸಕ್ಕೆ ಮಾಯಾಮಾಳವಗೌಳ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಈ ರಾಗದ ಪೂರ್ವಾಂಗದಲ್ಲಿ, ಅಂದರೆ ಸ-ರಿ-ಗ-ಮ ಭಾಗದಲ್ಲಿ, ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಉತ್ತರಾಂಗವಾದ ಪ-ದ-ನಿ-ಸ ಭಾಗದಲ್ಲಿಯೂ ಅಷ್ಟಷ್ಟೇ ಇದೆ. ಷಡ್ಜ ಪಂಚಮಗಳಿಗೆ ಕೂಡಿಸಿದ ಪಿಟೀಲಿನಲ್ಲಿ ಇದರ ಫಲವೇನೆಂದರೆ, ಷಡ್ಜದ ತಂತಿಯಲ್ಲಿ ಬೆರಳುಗಳು ಕಲಿತ ವಿನ್ಯಾಸವನ್ನು ಪಂಚಮದ ತಂತಿಯಲ್ಲಿ ಏನೂ ಬದಲಿಸದೆ ಮತ್ತೆ ಬಳಸಬಹುದು. ಷಡ್ಜಕ್ಕೆ ಅಂಟಿಕೊಂಡಂತಿರುವ ರಿಷಭ, ಅಲ್ಲಿಂದ ನಾಲ್ಕೂವರೆ ಸೆಂಟಿಮೀಟರಿನಷ್ಟು ದೂರ ಚಾಚಬೇಕಾದ ಗಾಂಧಾರ, ಅದರ ಬೆನ್ನಿಗೇ ಇರುವ ಮಧ್ಯಮ ಹೀಗೆ ಅತಿ ಹತ್ತಿರದ ಮತ್ತು ಅತಿ ದೂರದ ಅಂತರಗಳೆರಡೂ ಒಂದೇ ಕಡೆ ಸಿಗುವುದರಿಂದ ಕಿವಿಗೂ ಬೆರಳಿಗೂ ವ್ಯತ್ಯಾಸದ ಅರಿವು ಬೇಗ ಬರುತ್ತದೆ. ಸರಳೆ, ಜಂಟಿ ವರಸೆಗಳನ್ನು ಒಂದು ಸ್ವರಕ್ಕೆ ಒಂದು ಕಮಾನಿನಂತೆ ತುದಿಯಿಂದ ಬುಡದವರೆಗೆ ಎಳೆದು ನುಡಿಸಿ, ಬಳಿಕ ಮೂರು ಕಾಲಗಳಲ್ಲಿ ಅಭ್ಯಾಸ ಮಾಡಿ, ಅಲಂಕಾರಗಳನ್ನು ದಾಟಿ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುವ ಕ್ರಮಕ್ಕೆ ಗಟ್ಟಿಯಾದ ಆಧಾರವಿದೆ. ಪ್ರಶ್ನೆಯಿರುವುದು ಈ ಕ್ರಮವನ್ನು ಎಲ್ಲ ವಯಸ್ಸಿನವರಿಗೂ ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ಹೊರಿಸಬೇಕೆ ಎಂಬುದರಲ್ಲಿ.

ವಯಸ್ಸಿನ ಬಗ್ಗೆ ವಿಜ್ಞಾನ ಹೇಳುವುದನ್ನು ಅದು ಹೇಳಿದಷ್ಟಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವು ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಪ್ರದೇಶ ಇತರರಿಗಿಂತ ಹಿಗ್ಗಿರುವುದನ್ನೂ, ಆ ಹಿಗ್ಗುವಿಕೆಗೂ ಕಲಿಕೆ ಆರಂಭಿಸಿದ ವಯಸ್ಸಿಗೂ ಸಂಬಂಧವಿರುವುದನ್ನೂ ತೋರಿಸಿತು. ಎಳವೆಯಲ್ಲಿ ಆರಂಭಿಸಿದವರಿಗೆ ಅನುಕೂಲ ಹೆಚ್ಚೆಂಬ ತೀರ್ಮಾನಕ್ಕೆ ಇದು ಪುಷ್ಟಿ ಕೊಡುತ್ತದೆ. ತಡವಾಗಿ ಆರಂಭಿಸಿದವರು ಕಲಿಯಲಾರರು ಎಂಬ ತೀರ್ಮಾನಕ್ಕೆ ಕೊಡುವುದಿಲ್ಲ. ಮೂರು ವರ್ಷದ ಮಕ್ಕಳ ಕೈಗೆ ಕಮಾನು ಕೊಡಬಹುದೆಂದು ಜಗತ್ತನ್ನು ನಂಬಿಸಿದ ಸುಜುಕಿ, ಪಿಟೀಲು ಕಾರ್ಖಾನೆಯವರ ಮನೆಯಲ್ಲೇ ಹುಟ್ಟಿದ್ದರೂ ಸ್ವತಃ ನುಡಿಸಲು ತೊಡಗಿದ್ದು ತನ್ನ 17ರ ಆಸುಪಾಸಿನಲ್ಲಿ, ಅದೂ ಒಂದು ಧ್ವನಿಮುದ್ರಿಕೆಯನ್ನು ಕೇಳಿ ಮನಸೋತು. ಇನ್ನೊಂದೆಡೆ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹುಟ್ಟಿ ಜನಜನಿತವಾದ, ಪರಿಣತಿಗೆ 10,000 ಗಂಟೆಗಳ ಅಭ್ಯಾಸ ಬೇಕೆಂಬ ಲೆಕ್ಕ ದೊಡ್ಡವರನ್ನು ಅನಾವಶ್ಯಕವಾಗಿ ಹೆದರಿಸಿದೆ. ಆ ಲೆಕ್ಕ ವೃತ್ತಿಪರ ಕಲಾವಿದರಾಗಲು ಹೊರಟವರದು. ಅಲ್ಲಿ ಗಣನೆಗೆ ಬಂದದ್ದು ಕೂಡ ಗಂಟೆಗಳ ರಾಶಿಗಿಂತ ಹೆಚ್ಚಾಗಿ, ಶಿಕ್ಷಕರು ಗೊತ್ತುಮಾಡಿಕೊಟ್ಟ ಗುರಿಯನ್ನು ಹಿಡಿದು ಏಕಾಂತದಲ್ಲಿ ನಡೆಸಿದ ಅಭ್ಯಾಸ. ವಾರದ ಪಾಠದ ನಿಜವಾದ ಉತ್ಪನ್ನ ಇಂಥ ಗುರಿಯೇ.

ಮಕ್ಕಳಿಗೆ ಪೂರ್ಣ ಅಳತೆಯ ಪಿಟೀಲು ದೊಡ್ಡದಾಗುವುದರಿಂದ ಹದಿನಾರನೆಯ ಒಂದು, ಎಂಟನೆಯ ಒಂದು, ಕಾಲು, ಅರ್ಧ, ಮುಕ್ಕಾಲು ಎಂಬ ಹೆಸರಿನ ಸಣ್ಣ ವಾದ್ಯಗಳಿವೆ. ತೋಳಿನ ಉದ್ದ ನೋಡಿ ಇವನ್ನು ಆರಿಸುತ್ತಾರೆ. ಆರರಿಂದ ಹನ್ನೆರಡರವರೆಗೆ ಬೆಳೆಯುವ ಮಗು ಎರಡು ಮೂರು ಸಲ ವಾದ್ಯ ಬದಲಿಸಬೇಕಾಗುತ್ತದೆ, ಬದಲಿಸಿದಾಗಲೆಲ್ಲ ಸ್ವರಗಳ ಅಂತರವೂ ಬದಲಾಗುತ್ತದೆ. ಬೆರಳಿನ ಅಂದಾಜನ್ನೋ ಟೇಪಿನ ಗುರುತನ್ನೋ ನಂಬಿದ ಮಗು ಪ್ರತಿ ಸಲವೂ ಹೊಸದಾಗಿ ಕಲಿಯಬೇಕು. ಕಿವಿಯನ್ನು ನಂಬಿದ ಮಗು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಮಕ್ಕಳ ಪಾಠ ಚಿಕ್ಕದಾಗಿರಬೇಕು, ಆಗಾಗ ಇರಬೇಕು, ಅಭ್ಯಾಸದ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು ಹತ್ತಿರ ಕುಳಿತಿರಬೇಕು. ಪ್ರೌಢಶಾಲೆಯ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿಗಳ ಒತ್ತಡದಲ್ಲಿ ಪಾಠ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಪೂರ್ತಿ ಬಿಡುವ ಬದಲು ತಿಂಗಳಿಗೆರಡು ಪಾಠವಾದರೂ ಉಳಿದರೆ ಹಿಂದಿನ ವರ್ಷಗಳ ಶ್ರಮ ವ್ಯರ್ಥವಾಗದು.

ದೊಡ್ಡವರ ಸ್ಥಿತಿ ಇದಕ್ಕೆ ತಿರುಗುಮುರುಗು. ಅವರ ಕೈ ಬಿಗಿ, ಹೊತ್ತು ಕಡಿಮೆ, ನಾಚಿಕೆ ಹೆಚ್ಚು. ಆದರೆ ಅವರ ಕಿವಿ ಬರಿದಾಗಿರುವುದಿಲ್ಲ. ನಲವತ್ತು ವರ್ಷ ದೇವರನಾಮ, ಭಾವಗೀತೆ, ಸಿನಿಮಾ ಹಾಡುಗಳನ್ನು ಕೇಳಿದ ವ್ಯಕ್ತಿಯ ನೆನಪಿನಲ್ಲಿ ಮೋಹನ, ಕಲ್ಯಾಣಿ, ಹಿಂದೋಳಗಳು ಹೆಸರಿಲ್ಲದೆಯೇ ಮನೆಮಾಡಿರುತ್ತವೆ. ಈ ಸಂಪತ್ತೇ ಅವರನ್ನು ಕಂಗೆಡಿಸುವುದೂ ಉಂಟು, ಏಕೆಂದರೆ ರುಚಿ ಎತ್ತರದಲ್ಲಿದ್ದು ಕೈ ಮೊದಲ ಸರಳೆಯಲ್ಲಿರುವಾಗ ತಮ್ಮ ನುಡಿಸಾಣಿಕೆಯನ್ನು ತಾವೇ ಸಹಿಸಲಾರದೆ ಬಿಟ್ಟುಬಿಡುವವರು ಬಹಳ. ಸರಳೆಯ ಜೊತೆಜೊತೆಗೆ ಅವರಿಗೆ ಚಿರಪರಿಚಿತವಾದ ಒಂದು ಸಾಲನ್ನು ಹಾಡಿಸಿ, ಅದನ್ನು ತಂತಿಯ ಮೇಲೆ ತಾವಾಗಿ ಹುಡುಕುವಂತೆ ಮಾಡುವ ಶಿಕ್ಷಕ ಅವರ ಬಲವನ್ನೇ ಬಂಡವಾಳವಾಗಿಸುತ್ತಾನೆ. ಮಂಡಿ ಮಡಿಸಲಾಗದ ಹಿರಿಯರು ಕುರ್ಚಿಯ ಮೇಲೆ ಕುಳಿತು ವಾದ್ಯಕ್ಕೆ ಬೇರೆ ಆಸರೆ ಮಾಡಿಕೊಂಡರೆ ಸಂಪ್ರದಾಯಕ್ಕೆ ಭಂಗವೇನಿಲ್ಲ. ದೊಡ್ಡವರನ್ನು ತಡವಾಗಿ ಬಂದ ಮಕ್ಕಳಂತೆ ಕಾಣುವುದೇ ಅವರ ಪಾಠಗಳು ಅರ್ಧಕ್ಕೆ ನಿಲ್ಲುವುದಕ್ಕೆ ಮುಖ್ಯ ಕಾರಣವಿರಬಹುದು. ತರಗತಿಯ ಸಮಾನ ವೇಗದಲ್ಲಿ ಈ ಭೇದಗಳಿಗೆ ಎಡೆಯಿಲ್ಲ, ಪ್ರತ್ಯೇಕ ಪಾಠದಲ್ಲಿದೆ.

ಆದರೆ ಪ್ರತ್ಯೇಕ ಪಾಠವಾದ ಮಾತ್ರಕ್ಕೆ ಈ ಗುಣಗಳು ತಾವಾಗಿ ಬರುವುದಿಲ್ಲ. ರಾಜ್ಯದಲ್ಲಿ ನಡೆಯುವ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಕಲಿಕೆಗೊಂದು ಶಿಸ್ತನ್ನು ಕೊಟ್ಟಿವೆಯಾದರೂ, ಪರೀಕ್ಷೆಗಿಟ್ಟ ರಚನೆಗಳನ್ನಷ್ಟೇ ವರ್ಷವಿಡೀ ಉರು ಹೊಡೆಸುವ ಶಿಕ್ಷಕ ಒಬ್ಬನಿಗೇ ಕಲಿಸಿದರೂ ಕಿವಿಯನ್ನು ಬೆಳೆಸಿದಂತಾಗದು. ದೂರದ ಪಾಠಕ್ಕೂ ಅದರದೇ ಮಿತಿಗಳಿವೆ. ಅಮೆರಿಕದಲ್ಲಿಯೋ ಕೊಲ್ಲಿ ದೇಶದಲ್ಲಿಯೋ ನೆಲೆಸಿದ ಕನ್ನಡ ಕುಟುಂಬಗಳು ಮೈಸೂರು, ಬೆಂಗಳೂರುಗಳ ಶಿಕ್ಷಕರಿಂದ ವಿಡಿಯೊ ಕರೆಯ ಮೂಲಕ ಮಕ್ಕಳಿಗೆ ಪಾಠ ಹೇಳಿಸುತ್ತಿವೆ. ಹತ್ತಿರದಲ್ಲಿ ಗುರುವಿಲ್ಲದವರಿಗೆ ಇದು ವರವೇ ಸರಿ. ಆದರೂ ಮಾತಿಗೆಂದು ರೂಪಿಸಿದ ಈ ತಂತ್ರಾಂಶಗಳು ಎಳೆದ ನಾದವನ್ನು ಗದ್ದಲವೆಂದು ಬಗೆದು ಅಡಗಿಸುವುದುಂಟು, ಧ್ವನಿ ತಲುಪುವಲ್ಲಿ ಆಗುವ ತಡದಿಂದ ಗುರುಶಿಷ್ಯರು ಒಟ್ಟಿಗೆ ನುಡಿಸಲಾಗುವುದಿಲ್ಲ, ಮಣಿಕಟ್ಟನ್ನು ಹಿಡಿದು ತಿದ್ದುವ ಮಾತಂತೂ ಇಲ್ಲ. ರಜೆಯಲ್ಲಿ ಊರಿಗೆ ಬಂದಾಗ ಎದುರು ಕುಳಿತು ಕೈಯ ನಿಲುವನ್ನು ಗಟ್ಟಿಮಾಡಿಕೊಂಡು, ಉಳಿದ ತಿಂಗಳುಗಳಲ್ಲಿ ಅಭ್ಯಾಸವನ್ನು ಧ್ವನಿಮುದ್ರಿಸಿ ಕಳಿಸಿ ತಿದ್ದಿಸಿಕೊಳ್ಳುವ ಮಿಶ್ರಕ್ರಮ ಈ ಕೊರತೆಗಳನ್ನು ಬಹುಮಟ್ಟಿಗೆ ನೀಗಿಸಬಲ್ಲದು. ತನ್ನ ವಾದನವನ್ನು ತಾನೇ ಹೊರಗಿನವನಂತೆ ಕೇಳುವ ಅವಕಾಶವೂ ಇದರಿಂದ ದೊರೆಯುತ್ತದೆ.

ಇಷ್ಟಾದರೂ ಒಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ: ಒಬ್ಬರಿಗೊಬ್ಬರು ಎಂಬ ಪದ್ಧತಿ ಉಳ್ಳವರ ವಿದ್ಯೆಯಾಗಿಬಿಡುತ್ತದೆ. ಇದು ಇಂದಿನ ಶುಲ್ಕದ ವ್ಯವಸ್ಥೆಯ ಮಟ್ಟಿಗೆ ನಿಜ. ಆದರೆ ಪ್ರತ್ಯೇಕ ಗಮನವೂ ಖಾಸಗಿ ಹಣವೂ ಬೇರ್ಪಡಿಸಲಾಗದ ಜೋಡಿಯಲ್ಲವೆಂಬುದಕ್ಕೆ, ಸ್ಥಾಪಕರಾದ ಪಂಚಾಕ್ಷರಿ ಗವಾಯಿಗಳ ಕಾಲದಿಂದ ಅಂಧರಿಗೂ ಬಡವರಿಗೂ ಅನ್ನ ಆಸರೆ ಕೊಟ್ಟು ಸಂಗೀತ ಕಲಿಸಿದ ಗದಗಿನ ಆಶ್ರಮವೇ ನಿದರ್ಶನ. ಪಾಠದ ಅವಧಿಯನ್ನು ಇಪ್ಪತ್ತು ನಿಮಿಷಕ್ಕಿಳಿಸಿ, ಇಬ್ಬರು ಮೂವರನ್ನು ಒಟ್ಟಿಗೆ ಕರೆದು ಒಬ್ಬೊಬ್ಬರದನ್ನೇ ಉಳಿದವರ ಎದುರು ತಿದ್ದಿದರೆ, ಖರ್ಚು ಹಂಚಿಹೋಗುವುದಲ್ಲದೆ ಗುರುಕುಲದಲ್ಲಿದ್ದ ಕೇಳ್ಮೆಯ ಲಾಭವೂ ಮರಳುತ್ತದೆ.

ಇಲ್ಲಿಯವರೆಗಿನ ವಾದ ಸರಿಯಾದರೆ, ಸಂಗೀತ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ರೂಢಿಯನ್ನು ಮರುಪರಿಶೀಲಿಸಬೇಕಾಗುತ್ತದೆ. ಹೊಸಬರನ್ನು ಹಿರಿಯ ವಿದ್ಯಾರ್ಥಿಗಳ ಕೈಗೊಪ್ಪಿಸಿ, ವರ್ಣ ಕೃತಿಗಳ ಹಂತಕ್ಕೆ ಬಂದವರನ್ನು ಮಾತ್ರ ವಿದ್ವಾಂಸರು ತಮ್ಮ ಬಳಿ ಕೂರಿಸಿಕೊಳ್ಳುವುದು ಸಮಯದ ಮಿತವ್ಯಯದಂತೆ ಕಾಣುತ್ತದೆ. ಆದರೆ ವರ್ಣ ನುಡಿಸುವ ವಿದ್ಯಾರ್ಥಿಗೆ ತನ್ನ ತಪ್ಪು ಬಹುಪಾಲು ತನಗೇ ಕೇಳಿಸುತ್ತದೆ. ಸರಳೆ ನುಡಿಸುವವನಿಗೆ ಕೇಳಿಸುವುದಿಲ್ಲ. ಶಿಕ್ಷಕನ ಕಿವಿ ಅತಿ ಹೆಚ್ಚು ಬೇಕಾಗುವುದು ವಿದ್ಯಾರ್ಥಿಯ ಕಿವಿ ಅತಿ ಕಡಿಮೆ ಕೆಲಸ ಮಾಡುವ ಕಾಲದಲ್ಲಿಯೇ ಆದ್ದರಿಂದ, ಅತ್ಯಂತ ಪಳಗಿದ ಶಿಕ್ಷಕರ ಹೊತ್ತಿನ ಮೇಲೆ ಮೊದಲ ಹಕ್ಕು ಆರಂಭಿಕರದಾಗಬೇಕು, ಅವರು ಆರು ವರ್ಷದವರಾಗಿರಲಿ, ಅರವತ್ತರವರಾಗಿರಲಿ.